ಒಂದೇ ಬಂಡೆ, ಎರಡು ಪೇಟೆ

ದೋಣಿಯ ಕುಪ್ಪನನ್ನು ಭಟ್ಕಳ ಪೇಟೆಯಲ್ಲಿ ಮಾರಾಟಕ್ಕಿಟ್ಟರೆ ಗಿರಾಕಿ ಸಿಗುವುದು ಕಷ್ಟವಿತ್ತು. ಒಣಗಿಸಿದ ಮೀನಿನಂತೆ ಎಲುಬೇ ಹೆಚ್ಚು. ಕಣ್ಣು ಸದಾ ಆಕಾಶದಲ್ಲಿ. ಹಕ್ಕಿ ನೋಡುತ್ತ ಕೂರುವ ಆಳು ದೋಣಿಗೆ ದಂಡ ಎಂದು ನಾನು ತೀರ್ಮಾನಿಸಿದ್ದೆ.

೧೯೬೧ರ ಮೇ ತಿಂಗಳ ಕೊನೆ. ಮಳೆ ಹಿಡಿದು ಕಡಲು ಮುಚ್ಚುವ ಮೊದಲು ಕುಮಟೆಗೆ ಮೂರು ಮೂಟೆ ಒಣಮೀನು ಮುಟ್ಟಿಸುವ ಆತುರ ನನಗೆ.

"ಎರಡು ದಿನ ತಡೀರಿ, ಸಾವ್ಕಾರ್ರೆ" ಎಂದ ಕುಪ್ಪ.

ನಾನು ತಡೆಯಲಿಲ್ಲ. ಮುರ್ಡೇಶ್ವರ ದಾಟುತ್ತಲೇ ಬಿರುಗಾಳಿ ಎದ್ದು ಹಾಯಿ ಹರಿಯಿತು, ಕುಡಿಯುವ ನೀರಿನ ಕೊಡ ಉರುಳಿ ಒಡೆಯಿತು. ಮರುದಿನ ಬೆಳಗಾದಾಗ ಗಾಳಿಯೂ ಇಲ್ಲ, ಸೂರ್ಯನೂ ಇಲ್ಲ. ಕಡಲು, ಆಕಾಶ ಎರಡೂ ಒಂದೇ ಬಿಳುಪು. ಯಾರದೋ ನಿದ್ದೆಯೊಳಗೆ ತೇಲುತ್ತಿರುವಂತೆ ದೋಣಿ ತೂಗುತ್ತಿತ್ತು. ದಡ ಯಾವ ಕಡೆಗೆಂದು ತಿಳಿಯದು. ಗಂಟಲು ಒಣಗಿತ್ತು, ಕೂತದ್ದೋ ಉಪ್ಪುಮೀನಿನ ಮೂಟೆಯ ಮೇಲೆ!

ಆಗ ಮಂಜಿನೊಳಗಿಂದ ಕಲರವ ಕೇಳಿತು. ನಾವು ಹಿಂದೆಂದೂ ಕಾಣದ ಒಂದು ಬಂಡೆ, ಮೈತುಂಬ ಹಕ್ಕಿ. ಕರಿಬೆನ್ನಿನವು, ಹಳದಿ ಕೊಕ್ಕಿನ ಬಿಳಿಯವು, ಎರಡೂ ಜಾತಿ ಅಕ್ಕಪಕ್ಕದಲ್ಲೇ ಮರಿ ಮಾಡಿಕೊಂಡಿದ್ದವು. ನೋಡುತ್ತಿದ್ದಂತೆ ಕರಿಬೆನ್ನಿನವು ಗುಂಪುಗುಂಪಾಗಿ ಒಂದು ದಿಕ್ಕಿಗೆ ಹಾರಿದವು. ಬಿಳಿಯವು ನಾಲ್ಕೈದು ಅದರ ಎದುರು ದಿಕ್ಕಿಗೆ.

"ದೊಡ್ಡ ಗುಂಪಿನ ಹಿಂದೆ ನಡಿ, ಕುಪ್ಪಾ. ಅಷ್ಟು ಜನ ಹೋಗ್ತಾರೆ ಅಂದ್ರೆ ಅಲ್ಲೇ ಪೇಟೆ."

ಕುಪ್ಪ ನಕ್ಕ. "ನಿಮ್ಮನೆಗೂ ಪಕ್ಕದ ಮನೆಗೂ ಗೋಡೆ ಒಂದೇ. ನೀವು ಕುಮಟೆಗೆ ಮೀನು ಮಾರೂಕೆ ಹೋತ್ರಿ, ಅವ್ರು ಇಡಗುಂಜಿಗೆ ಹೂ ಮಾರೂಕೆ ಹೋತ್ರು. ಇವೂ ಹಂಗೇ. ಕರಿಬೆನ್ನಿಂದರ ಪೇಟೆ ನಡುಗಡಲು. ಅದರ ಹಿಂದೆ ಹೋದ್ರೆ ನಮ್ಮ ಕತೆ ಆತು."

"ನಿಂಗೆ ಹೇಳಿದ್ದು ಯಾರು, ಹಕ್ಕಿಯಾ?"

"ಅದರ ಮರಿ."

ಕುಮಟೆಯ ಎದುರಿನ ಇಂಥದೇ ಬಂಡೆಗೆ ಅವನು ಅಪ್ಪನ ಜೊತೆ ಚಿಪ್ಪು ಕೀಳಲು ಹೋಗುತ್ತಿದ್ದನಂತೆ. ಬಿಳಿಯದು ಕೊಕ್ಕಿನಲ್ಲಿ ಅಡ್ಡಕ್ಕೆ ಒಂದೇ ಇಡೀ ಮೀನು ತರುತ್ತಿತ್ತು. ಅದು ಹೊಳೆ ಕಡಲಿಗೆ ಸೇರುವಲ್ಲಿ ಅವನೇ ಬಲೆಯಲ್ಲಿ ಹಿಡಿಯುತ್ತಿದ್ದ ಸಣ್ಣ ಮೀನು. ಕರಿಬೆನ್ನಿನದು ಬಹಳ ತಡವಾಗಿ, ಖಾಲಿ ಕೊಕ್ಕಿನಲ್ಲಿ ಬಂದು, ನುಂಗಿದ್ದನ್ನು ಗಂಟಲಿಂದ ಮರಿಯ ಬಾಯಿಗೆ ಕಕ್ಕುತ್ತಿತ್ತು.

ಅವನು ಬಿಳಿಯವುಗಳ ಹಿಂದೆ ಹುಟ್ಟು ಹಾಕಿದ. ನಾನು ಮನಸ್ಸಿನಲ್ಲೇ ಬೈದುಕೊಳ್ಳುತ್ತ ಇನ್ನೊಂದು ಹುಟ್ಟು ಹಿಡಿದೆ. ಎಷ್ಟು ಹೊತ್ತೋ ತಿಳಿಯಲಿಲ್ಲ. ನನಗೆ ಅನುಮಾನ ಬಂದಾಗಲೆಲ್ಲ, ಮುಂದಿನ ಬಿಳುಪಿನಿಂದ ಒಂದು ಹಕ್ಕಿ ಮೂಡಿ, ಕೊಕ್ಕಿನಲ್ಲಿ ಬೆಳ್ಳಿ ಚೂರೊಂದನ್ನು ಹೊಳೆಸುತ್ತ ತಲೆಯ ಮೇಲೆ ಸದ್ದಿಲ್ಲದೆ ಹಾದು ಬಂಡೆಯ ಕಡೆ ಕರಗುತ್ತಿತ್ತು.

ಮಧ್ಯಾಹ್ನದ ಹೊತ್ತಿಗೆ ಹೊಳೆಯ ಕೆಸರಿನಿಂದ ನೀರು ಕೆಂಪಾಯಿತು. ಒಲೆಯ ಹೊಗೆಯ ವಾಸನೆ ಬಂತು. ಹೊನ್ನಾವರದ ಅಳಿವೆ! ಮರಳಿನ ಮೇಲೆ ಬಲೆ ಹರವುತ್ತಿದ್ದ ಹೆಂಗಸೊಬ್ಬಳು ಚೆಂಬು ತುಂಬ ನೀರು ತಂದಳು. ಕುಪ್ಪ ಅದನ್ನು ಮೊದಲು ನನಗೆ ಕೊಟ್ಟು, "ಆತು, ಪೇಟೆ ಬಂತು ಸಾವ್ಕಾರ್ರೆ" ಎಂದ. ಮತ್ತೆ ಆಕಾಶ ನೋಡುತ್ತ ಕೂತ.

ನಾನು ಇವತ್ತು ಬದುಕಿರುವುದು ಕುಪ್ಪನಿಂದ.