ಮಡಿಕೆ ಮುರಿಯದ ಹಸಿರು ಸೀರೆ

ಚಿಪ್ಪಗಿರಿಯ ಕುರಿ ಯರ್ರೆಪ್ಪನೆಂದರೆ ತುಂಗಭದ್ರೆಯ ಆಚೆ ದಡದವರಿಗೂ ಗೊತ್ತಿದ್ದ ಆಸಾಮಿ. ಹೊಳೆ ಕೆಂಪಗೆ ತುಂಬಿ ಬಂದ ವರ್ಷ ನಾಗಲದಿನ್ನೆಯ ಹತ್ತಿರ ಮುಂದಿನ ಟಗರಿನ ಕೊರಳಿಗೆ ತನ್ನ ರುಮಾಲು ಕಟ್ಟಿ, ತಾನೇ ಮೊದಲು ನೀರಿಗಿಳಿದು, ಊರ ಹಿಂಡನ್ನೆಲ್ಲ ದಾಟಿಸಿದವನು. ಅವನ ಮಗ ಭೀಮಲಿಂಗಪ್ಪ ನೀರಿಗಿಳಿಯಲಿಲ್ಲ, ಮಗ್ಗದ ಗುಂಡಿಗಿಳಿದ. ಅವನು ನೇಯ್ದ ಕಂಬಳಿಯ ಮೇಲೆ ಮಳೆ ನಿಲ್ಲುತ್ತಿರಲಿಲ್ಲ, ಉರುಳಿ ಹೋಗುತ್ತಿತ್ತು. ಒಮ್ಮೆ ಹೊಳಗುಂದಿ ಕಡೆಯ ರೈತನೊಬ್ಬ ಎರಡು ಮಳೆಗಾಲ ಹೊದ್ದ ಕಂಬಳಿಯನ್ನು ತಂದು, ಅಂಚಿನಲ್ಲಿ ಎಳೆ ಬಿಟ್ಟಿದೆ ಎಂದ. ಕಟ್ಟೆಯ ಮೇಲೆ ಕೂತವರು ನಕ್ಕರು. ಭೀಮಲಿಂಗಪ್ಪ ನಗಲಿಲ್ಲ. ಅಂಚಿಗೆ ಬೆರಳಾಡಿಸಿ, "ಎಳಿ ನಂದು, ತಪ್ಪೂ ನಂದ" ಎಂದು ತನ್ನ ಮೈಮೇಲಿದ್ದ ಹೊಸ ಕಂಬಳಿಯನ್ನೇ ತೆಗೆದು ಅವನ ಹೆಗಲಿಗೆ ಹಾಕಿ ಕಳಿಸಿದ. ವಾಪಸು ಬಂದ ಆ ಕಂಬಳಿಯನ್ನು ತಿದ್ದಿಕೊಂಡು ಸಾಯುವ ತನಕ ತಾನೇ ಹೊದ್ದ.

ಇಂಥವನ ಒಬ್ಬಳೇ ಮಗಳು ಲಿಂಗಕ್ಕ. ಮಾತು ಕಡಿಮೆ. ನಡೆಯುವಾಗಲೂ ಕೈಯಲ್ಲಿ ಕದಿರು ತಿರುಗುತ್ತಲೇ ಇರಬೇಕು, ಉಣ್ಣೆ ಎಳೆಯಾಗುತ್ತಲೇ ಇರಬೇಕು. ಗಂಡ ಹನುಮಣ್ಣ ವರ್ಷದ ಮುಕ್ಕಾಲು ಪಾಲು ಕುರಿಗಳ ಹಿಂದೆ ಹೋಗುವವನಾದ್ದರಿಂದ ಮನೆಯ ಒಳಗೂ ಹೊರಗೂ ಆಕೆಯೇ. ಮಗಳು ಉಚ್ಚಮ್ಮನನ್ನು ಕೋಸಗಿಗೆ ಕೊಟ್ಟಿದ್ದಳು. ಉಚ್ಚಮ್ಮನ ಬಸಿರು ಎರಡು ಸಲ ನಿಂತು ಎರಡು ಸಲವೂ ಜಾರಿ ಹೋಗಿತ್ತು. ಮೂರನೆಯದು ಏಳು ತಿಂಗಳಿಗೆ ಕಾಲಿಟ್ಟಾಗ ಲಿಂಗಕ್ಕ ಸುದ್ದಿಯನ್ನು ಯಾರಿಗೂ ಗಟ್ಟಿಯಾಗಿ ಹೇಳಲಿಲ್ಲ. ಸಂತೋಷವೂ ಕಳ್ಳನ ಹಾಗೆ ಹಿತ್ತಲ ಬಾಗಿಲಿನಿಂದ ಬರಲಿ ಎಂದುಕೊಂಡಳು.

ಏಳು ತಿಂಗಳಿಗೆ ತವರಿನವರು ಹಸಿರು ಸೀರೆ, ಹಸಿರು ಬಳೆ ಒಯ್ದು ಉಡಿ ತುಂಬಬೇಕು. ಕುಬಸ ಅನ್ನುತ್ತಾರೆ ಅದಕ್ಕೆ. ಸೀರೆಗೊಂದು ಕಟ್ಟುಪಾಡು ಇದೆ: ಅಂಗಡಿಯ ಮಡಿಕೆ ಮುರಿಯಬಾರದು. ಬಿಚ್ಚಿ ನೋಡಿದ ಸೀರೆ ಎಂಜಲಾದ ಹಾಗೆ. ಮೂಲೆಗೆ ಅರಿಸಿನ ಮುಟ್ಟಿಸಿ, ಮಡಿಕೆ ಇದ್ದ ಹಾಗೇ ಉಡಿಗೆ ಹಾಕಬೇಕು.

ಸೀರೆಗಾಗಿ ಲಿಂಗಕ್ಕ ಆದವಾನಿಗೆ ಹೋದಳು. ತಾಲೂಕು ಆಂಧ್ರಕ್ಕೆ ಸೇರಿ ಎರಡು ವರ್ಷವಾಗಿತ್ತು. ಬಜಾರಿನ ಬೋರ್ಡುಗಳ ಮೇಲೆ ತೆಲುಗು ಅಕ್ಷರಗಳು ಇನ್ನೂ ಹಸಿಯಾಗಿ ಹೊಳೆಯುತ್ತಿದ್ದವು. ಸಿದ್ದಬಸಪ್ಪನ ಜವಳಿ ಅಂಗಡಿಯಲ್ಲಿ ಸಾಹುಕಾರ ತಾನೇ ಎದ್ದು ಕೈ ಮುಗಿದ.

"ಬಾ ತಾಯಿ, ಕುಬಸಕ್ಕೇನು? ನಾ ಬಿಚ್ಚಿ ತೋರಸಂಗಿಲ್ಲ, ನೀ ಬಿಚ್ಚು ಅನ್ನಂಗಿಲ್ಲ. ಪದ್ಧತಿ ಗೊತ್ತಿದ್ದವರಿಗೆ ಯಾಪಾರ ಹಗುರ" ಎಂದು ಮೇಲಿನ ಗೂಡಿನಿಂದ ಒಂದು ಹಸಿರು ಸೀರೆ ತೆಗೆಸಿದ. ತೆಗೆದುಕೊಟ್ಟ ಗುಮಾಸ್ತ ಬಜಾರಪ್ಪ ಅದನ್ನು ಆಕೆಯ ಕೈಗಿಡುವಾಗ ಮುಖ ನೋಡಲಿಲ್ಲ. ಲಿಂಗಕ್ಕ ಅದನ್ನು ಆಗ ಲೆಕ್ಕಕ್ಕೆ ಹಿಡಿಯಲಿಲ್ಲ.

ಕೋಸಗಿಯಲ್ಲಿ ಕುಬಸದ ದಿನ ಬೆಳಿಗ್ಗೆಯೇ ಅಂಗಳ ತುಂಬಿತು. ಲಿಂಗಕ್ಕ ತನ್ನಪ್ಪನ ಆ ಹಳೆಯ ಕಂಬಳಿಯನ್ನು ಹಾಸಿ ಅದರ ಮೇಲೆ ಮಗಳನ್ನು ಕೂರಿಸಿದಳು. ಬಳೆ ತೊಡಿಸಿದರು, ಹಣೆಗಿಟ್ಟರು. ಅರಿಸಿನ ಮುಟ್ಟಿಸಿದ ಸೀರೆಯನ್ನು ಬೀಗತಿ ಗಿಡ್ಡಮ್ಮನ ಕೈಗೆ ಕೊಟ್ಟಳು. ಗಿಡ್ಡಮ್ಮ ಮಡಿಕೆ ಬಿಡಿಸಿ ಸೊಸೆಯ ಹೆಗಲಿಗೆ ಹೊದಿಸಲು ಒಂದು ಸಲ ಕೊಡವಿದಳು.

ಏನೋ ಹಗುರಾಗಿ ಉದುರಿತು.

ಮಂಡಕ್ಕಿ. ನಾಲ್ಕಾರು ಕಾಳು. ಅದರ ಹಿಂದೆಯೇ ಮಡಿಕೆಯ ಒಳಗಿನಿಂದ ಬುಕ್ಕಿಟ್ಟಿನ ಕರಿಪುಡಿ ಹೊಗೆಯ ಹಾಗೆ ಎದ್ದು ನೆಲಕ್ಕಿಳಿಯಿತು. ಅದರ ವಾಸನೆ ಅಲ್ಲಿದ್ದ ಪ್ರತಿ ಹೆಂಗಸಿಗೂ ಗೊತ್ತಿತ್ತು. ಹೆಣ ಹೊತ್ತು ನಡೆಯುವಾಗ ದಾರಿಯುದ್ದಕ್ಕೂ ಎರಚುವ ಮಂಡಕ್ಕಿ, ಹೆಣದ ಮೇಲೆ ಸುರಿಯುವ ಬುಕ್ಕಿಟ್ಟು. ಮುತ್ತೈದೆ ಸತ್ತರೂ ತವರಿನವರು ತರುವುದು ಹಸಿರು ಸೀರೆಯನ್ನೇ.

ಹಾಡು ಹೇಳುತ್ತಿದ್ದವರು ಮಕ್ಕಳನ್ನು ಹಿಂದಕ್ಕೆ ಎಳೆದುಕೊಂಡರು. ಗಿಡ್ಡಮ್ಮ ಕಾದ ಹಂಚು ಹಿಡಿದವಳಂತೆ ಸೀರೆಯನ್ನು ಕೈಬಿಟ್ಟಳು. ಅದು ಉಚ್ಚಮ್ಮನ ಮೈ ಮುಟ್ಟದೆ ಕಂಬಳಿಯ ಆಚೆ ಬಿತ್ತು.

"ಇದೇನು ತಂದೀಯ ಬೀಗತಿ? ಕುಬಸಕ್ಕ ತಂದೀಯೋ, ಹೊರಾಕ ತಂದೀಯೋ?"

"ನಾ ಬಿಚ್ಚಿಲ್ಲವ್ವ. ಅಂಗಡ್ಯಾಗಿಂದ ಹೆಂಗ ಬಂತೋ ಹಂಗ..."

"ಅರಿಸಿನ ಹಚ್ಚಿ ತಂದೀಯಲ್ಲ! ಉಡಿ ಅರ್ಧಕ್ಕ ನಿಂತೈತಿ, ಈಗ ಇಕಿನ್ನ ಎಬ್ಬಸಂಗಿಲ್ಲ. ಹೊತ್ತು ಮುಳುಗೋದರಾಗ ಬ್ಯಾರೆ ತಾ. ಆ ಅಂಗಡಿಯವನ ಕೈಲೆ ಬದಲಿ ಮಾಡಿಸಿಕೊಂಡು ಬಾ. ಇಲ್ಲಂದ್ರ..." ಗಿಡ್ಡಮ್ಮ ಮುಂದೆ ಹೇಳಲಿಲ್ಲ. ಹೇಳಿದ್ದರೆ ವಾಸಿಯಿತ್ತು.

ಉಚ್ಚಮ್ಮ ಹೊಟ್ಟೆಯ ಮೇಲೆ ಎರಡೂ ಕೈ ಇಟ್ಟುಕೊಂಡು ಕಂಬಳಿಯ ಮೇಲೇ ಕೂತಿದ್ದಳು. "ಯವ್ವಾ, ಲಗೂನ ಬಾ. ಒಳಗ ಅಲುಗಾಡವಲ್ದು" ಎಂದಳು.

ಲಿಂಗಕ್ಕ ಬಗ್ಗಿ ಸೀರೆ ಎತ್ತಿಕೊಂಡಳು. ಉದುರಿದ ಮಂಡಕ್ಕಿಯನ್ನು ಆಯ್ದು ಸೀರೆಯ ಮೂಲೆಗೆ ಗಂಟು ಹಾಕಿಕೊಂಡು ಸ್ಟೇಷನ್ನಿಗೆ ಓಡಿದಳು. ರೈಲಿನಲ್ಲಿ ಮಗ್ಗುಲಲ್ಲಿದ್ದ ಹೆಂಗಸು, "ಎಷ್ಟು ಚೆಂದ ಹಸಿರು!" ಎಂದು ಸೀರೆ ಮುಟ್ಟಲು ಕೈ ಚಾಚಿದಳು. ಲಿಂಗಕ್ಕ ಗಂಟನ್ನು ಸೆಳೆದು ಕಾಲಡಿ ಇಟ್ಟುಕೊಂಡಳು. ಕದಿರು ಸೊಂಟದಲ್ಲೇ ಇತ್ತು, ಕೈಗೆ ಬರಲಿಲ್ಲ.

ಸಿದ್ದಬಸಪ್ಪ ಅಂದು ಎದ್ದು ಕೈ ಮುಗಿಯಲಿಲ್ಲ. ಗಾದಿಯ ಮೇಲೆ ಯಾರೋ ದೊಡ್ಡ ಮನೆಯವರು ಕೂತು ಸೋಡಾ ಕುಡಿಯುತ್ತಿದ್ದರು. ಲಿಂಗಕ್ಕನ ಕೈಯಲ್ಲಿ ಸೀರೆ ನೋಡಿದ್ದೇ ಸಾಹುಕಾರನ ಮುಖ ಮುಚ್ಚಿದ ಅಂಗಡಿಯಾಯಿತು.

"ಕೊಳ್ಳಾಕ ಬಂದವರು ಒಳಗ, ಜಗಳಕ್ಕ ಬಂದವರು ಹೊರಗ. ಅಲ್ಲೇ ಕುಂಡ್ರು."

ಲಿಂಗಕ್ಕ ಬಿಸಿಲಿನ ಮೆಟ್ಟಿಲ ಮೇಲೆ ಕೂತಳು. ಹತ್ತಿ ತುಂಬಿದ ಬಂಡಿಗಳು ಹೋದವು, ಧೂಳು ಬಂದು ಆಕೆಯ ಮೇಲೆ ಕೂತಿತು. ಎರಡು ಸಲ ಎದ್ದು ನಿಂತಳು, ಎರಡು ಸಲವೂ ಸಾಹುಕಾರ ನೊಣ ಓಡಿಸುವಂತೆ ಕೈ ಬೀಸಿದ. ಅಂಗಡಿಯ ಹಿಂದೆಯೇ ಅವನ ಮನೆ. ಪರದೆಯ ಆಚೆ ಹಸುಗೂಸೊಂದು ಅಳುತ್ತಿತ್ತು. ಮಗು ಅಳುವುದು ಹೊಸದಲ್ಲ, ಆದರೆ ಆ ಅಳುವಿಗೆ ಯಾರೂ "ಬಂದೆ ಕಂದಾ" ಅನ್ನುತ್ತಿರಲಿಲ್ಲ. ತಾಯಿಹಾಲು ಕಾಣದ ಮರಿ ಹೀಗೇ ಒದರುವುದನ್ನು ಲಿಂಗಕ್ಕ ಹಟ್ಟಿಯಲ್ಲಿ ಕೇಳಿದ್ದಳು. ಹೊತ್ತು ಇಳಿಯುವುದನ್ನು ನೋಡುತ್ತ, ಆ ಅಳು ಕೇಳುತ್ತ, ಆಕೆ ಮಂಡಕ್ಕಿಯ ಗಂಟನ್ನು ಇನ್ನೊಮ್ಮೆ ಬಿಗಿದಳು.

ದೊಡ್ಡ ಮನೆಯವರು ಎದ್ದು ಹೋದ ಮೇಲೆ ಕರೆ ಬಂತು.

"ಏನದು?"

ಲಿಂಗಕ್ಕ ಮೂಲೆಯ ಗಂಟು ಬಿಚ್ಚಿ ಮಂಡಕ್ಕಿಯನ್ನು ಅಂಗೈಗೆ ಸುರಿದುಕೊಂಡು ತೋರಿಸಿದಳು. "ಮಡಿಕ್ಯಾಗಿತ್ತು ಸಾವ್ಕಾರ್ರ. ಬುಕ್ಕಿಟ್ಟೂ ಇತ್ತು. ನನ್ನ ಮಗಳು ಕಂಬಳಿ ಮ್ಯಾಲ ಕುಂತಾಳ, ಉಡಿ ಅರ್ಧ ಆಗೇತಿ. ಬದಲಿ ಕೊಡ್ರಿ, ಹೋಗ್ತೀನಿ."

ಸಿದ್ದಬಸಪ್ಪ ಸೀರೆಯ ಮೂಲೆ ಹಿಡಿದು ಅರಿಸಿನದ ಕಲೆಯನ್ನಷ್ಟೇ ನೋಡಿದ.

"ಅರಿಸಿನ ಹಚ್ಚೀದಿ. ಅರಿಸಿನ ಹತ್ತಿದ ಬಟ್ಟಿ, ತಾಳಿ ಕಟ್ಟಿದ ಹುಡುಗಿ, ಎರಡೂ ತಿರುಗಿ ಬರಂಗಿಲ್ಲ."

"ಹಚ್ಚದೆ ಉಡಿಗೆ ಹೆಂಗ ಹಾಕ್ಲಿ? ಬಿಚ್ಚಬ್ಯಾಡ ಅಂದವರು ನೀವ."

"ನೀವ ಯಾವದೋ ಸಾವಿನ ಮನ್ಯಾಗ ಹಾಸಿ, ಹೊದಿಸಿ, ಈಗ ನನ್ನ ಕೊರಳಿಗೆ ಕಟ್ಟಾಕ ಬಂದೀರಿ. ಕುರಿ ಕಾಯೋ ಮಂದಿಗೆ ಜವಳಿ ಮಾತೇನು ಗೊತ್ತು? ಪೋಮ್ಮಾ, ಪೋ!"

"ನಮ್ಮಪ್ಪ ಎರಡು ಮಳಿ ಹೊದ್ದ ಕಂಬಳಿ ವಾಪಸ್ ತಗಂಡಿದ್ದ."

"ಅದಕ್ಕ ನಿಮ್ಮಪ್ಪ ಕಂಬಳಿ ನೇಯ್ದ, ನಾ ಅಂಗಡಿ ಕಟ್ಟೀನಿ" ಎಂದು ಸಾಹುಕಾರ ನಕ್ಕ. ಬಾಗಿಲಲ್ಲಿ ನಿಂತಿದ್ದ ಒಂದಿಬ್ಬರೂ ನಕ್ಕರು. ಬಜಾರಪ್ಪ ಮಾತ್ರ ಗಜಕೋಲನ್ನು ಎರಡೂ ಕೈಯಲ್ಲಿ ಹಿಡಿದು ನೆಲ ನೋಡುತ್ತಿದ್ದ.

ಲಿಂಗಕ್ಕ ಒದರಾಡಬಹುದಿತ್ತು. ಬಜಾರಿನ ನಡುವೆ ನಿಂತು ಮಂಡಕ್ಕಿ ತೂರಿದ್ದರೆ ಆ ಅಂಗಡಿಗೆ ವರ್ಷವೆಲ್ಲ ಗಿರಾಕಿ ಹತ್ತುತ್ತಿರಲಿಲ್ಲ. ಆದರೆ ಮಗಳ ಉಡಿ ಅರ್ಧಕ್ಕೆ ನಿಂತಿರುವಾಗ ತಾಯಿಯ ಬಾಯಿಂದ ಶಾಪ ಹೊರಟರೆ ಅದು ಯಾವ ಮನೆಗೆ ಹೋದೀತೋ ಯಾರಿಗೆ ಗೊತ್ತು. ನಾಲಿಗೆ ಕಚ್ಚಿ ಹಿಡಿದಳು.

"ಹೋಗ್ಲಿ ಬಿಡ್ರಿ. ಬದಲಿ ಬ್ಯಾಡ. ಇದು ಯಾರ ಮೈಮ್ಯಾಲಿಂದು ಅಷ್ಟ ಹೇಳ್ರಿ. ಆ ತಾಯಿ ಹೆಸರು ತಗಂಡು ತಪ್ಪಾತು ಅಂತೀನಿ."

ಪರದೆಯ ಆಚೆ ಕೂಸು ಮತ್ತೆ ಅತ್ತಿತು. ಸಿದ್ದಬಸಪ್ಪನ ನಗು ಎಣ್ಣೆ ತೀರಿದ ದೀಪದಂತೆ ಒಮ್ಮೆಗೇ ಇಳಿಯಿತು. ದನಿ ಮೆತ್ತಗೆ ಮಾಡಿಕೊಂಡ. "ಸೀರಿ ಇಲ್ಲೇ ಇಟ್ಟು ಹೋಗು. ಬರೋ ವಾರ ಬಾ, ನೋಡೋಣು" ಎನ್ನುತ್ತಲೇ ಸೀರೆಯನ್ನು ತನ್ನ ಕಡೆ ಎಳೆದುಕೊಂಡು ಹಳೆಯ ಗೆರೆಗಳ ಮೇಲೇ ಮಡಚತೊಡಗಿದ. ಕೈ ರೂಢಿಯಾಗಿ ಓಡುತ್ತಿತ್ತು.

ಆ ಕೈಯನ್ನು ನೋಡಿ ಲಿಂಗಕ್ಕನಿಗೆ ಎಲ್ಲ ತಿಳಿಯಿತು. ಅರಿಸಿನ ಒಂದು ತೊಳೆತಕ್ಕೆ ಹೋಗುತ್ತದೆ. ಸೀರೆ ಮತ್ತೆ ಮೇಲಿನ ಗೂಡಿಗೆ ಏರುತ್ತದೆ. ಇನ್ನೊಬ್ಬ ತಾಯಿ ಬರುತ್ತಾಳೆ, ಬಿಚ್ಚದೆ ಒಯ್ಯುತ್ತಾಳೆ. ಆಕೆ ಗಾದಿಯ ಮೇಲೆ ಬಾಗಿ ಸೀರೆಯನ್ನು ಸಾಹುಕಾರನ ಕೈಯಿಂದ ಕಿತ್ತುಕೊಂಡಳು. "ಇದು ಇಲ್ಲಿರಾಕ ಬ್ಯಾಡ" ಎಂದಷ್ಟೇ ಹೇಳಿ ಮೆಟ್ಟಿಲಿಳಿದಳು.

ಸ್ಟೇಷನ್ನಿನ ದಾರಿಯಲ್ಲಿ ಹಿಂದಿನಿಂದ ಏದುಸಿರು ಕೇಳಿಸಿತು. ಬಜಾರಪ್ಪ. ಕಂಕುಳಲ್ಲಿ ಪೇಪರು ಸುತ್ತಿದ ಒಂದು ಕಟ್ಟು.

"ಅಕ್ಕಾ, ನಿಲ್ಲು. ಹೆಸರು ಕೇಳಿದ್ಯಲ್ಲ. ರಾಮಲಕ್ಷ್ಮಿ ಅಂತ. ಸಾವ್ಕಾರ್ರ ಹಿರೇ ಸೊಸಿ. ಹೆರಿಗ್ಯಾಗ ಹೋದ್ಲು. ಕೂಸು ಉಳೀತು."

ಲಿಂಗಕ್ಕ ನಿಂತಲ್ಲೇ ನಿಂತಳು. ಕೈಯಲ್ಲಿದ್ದ ಸೀರೆ ಒದ್ದೆ ಉಣ್ಣೆಯಷ್ಟು ಭಾರವಾಯಿತು.

"ಬೀಗರೂ ಬಿಜ್ಜರೂ ತಂದು ಹೊದಿಸಿದ ಹಸಿರು ಸೀರಿ ರಾಶಿ ಬಿದ್ದಿದ್ದವು. ಕಾಲಿಗೆ ಮುಟ್ಟಿಸಿ ತೆಗೆದಂಗ ಅಷ್ಟ, ಏನಾಗಂಗಿಲ್ಲ ಅಂದ್ರು ಸಾವ್ಕಾರ್ರು. ಇಸ್ತ್ರಿ ತಿಕ್ಕಿ ಮಡಚಿದಾಂವ ನಾನ. ಕೊಡವಿದ್ದೆ ಅಕ್ಕಾ... ಎಲ್ಲಾ ಕೊಡವಿದ್ದೆ ಅಂದ್ಕಂಡಿದ್ದೆ."

"ಉಳಿದವು ಎಲ್ಲಿ?"

"ಯಾವು ಎಲ್ಲಿಗೆ ಹೋದವೋ..." ಬಜಾರಪ್ಪ ಆಚೀಚೆ ನೋಡಿದ. "ಕುಬಸಕ್ಕ ಹಸಿರು ಕೇಳೋ ಮಂದಿ ಬಾಳ."

ಲಿಂಗಕ್ಕ ಕೇಳಿದ್ದು ಇನ್ನೊಂದೇ ಮಾತು. "ಆಕಿನ್ನ ಎಲ್ಲಿ ಇಟ್ಟೀರಿ?"

ರೈಲು ಕಂಬಿಯ ಪಕ್ಕದ ಬಯಲಿನಲ್ಲಿ ಮಣ್ಣು ಇನ್ನೂ ಕೂರದ ಒಂದು ಗುಡ್ಡೆ. ಮೇಲೆ ಮುಳ್ಳುಕಂಟಿ ಹೊದಿಸಿದ್ದರು. ಹೊತ್ತು ಬೆಟ್ಟದ ಕೋಟೆಯ ಹಿಂದಕ್ಕೆ ಸರಿಯುತ್ತಿತ್ತು. ಲಿಂಗಕ್ಕ ಕಂಟಿ ಸರಿಸಿ, ಕೈಯಿಂದಲೇ ಮಣ್ಣು ಬಗೆದು, ಸೀರೆಯನ್ನೂ ಆ ನಾಲ್ಕಾರು ಮಂಡಕ್ಕಿಯನ್ನೂ ಒಳಗಿಟ್ಟು ಮುಚ್ಚಿದಳು. "ನಿನ್ನ ಸೀರಿ ನಿನಗ ಮುಟ್ಟೇತವ್ವ. ನಿನ್ನ ಕೂಸು ಅಳತೈತಿ, ಆ ಕಡೀಗ ನೋಡು. ನನ್ನ ಮಗಳ ಕಡೀಗ ನೋಡಬ್ಯಾಡ" ಎಂದು ಹಣೆಯನ್ನು ಮಣ್ಣಿಗೆ ಮುಟ್ಟಿಸಿದಳು. ಗಾಳಿಯಿರಲಿಲ್ಲ. ಆದರೂ ಕಂಟಿಯ ಮುಳ್ಳೊಂದು ಆಕೆಯ ಸೆರಗು ಹಿಡಿದಿತ್ತು. ಎಳೆದರೆ ಹರಿದೀತೆಂದು ಹೆದರಿ, ಒಂದೊಂದೇ ಎಳೆ ಬಿಡಿಸಿಕೊಂಡು ಎದ್ದಳು.

ದೂರದಲ್ಲಿ ಕೋಸಗಿಯ ಕಡೆ ಹೋಗುವ ರೈಲಿನ ಸಿಳ್ಳು ಕೇಳಿಸಿತು. ಬಜಾರಪ್ಪ ಪೇಪರಿನ ಕಟ್ಟನ್ನು ಮುಂದೆ ಹಿಡಿದ. ಒಳಗಿನಿಂದ ಹಸಿರು ಅಂಚು ಇಣುಕುತ್ತಿತ್ತು.

"ತಗಾ ಅಕ್ಕಾ. ನಿನ್ನೆ ಒಡೆದ ಹೊಸ ಗಂಟಿಂದು. ದೇವರಾಣಿ. ಸಾವ್ಕಾರ್ರಿಗೆ ಗೊತ್ತಿಲ್ಲ. ಸ್ಟೇಷನ್ನಿಗೆ ಹೋಗಾಕ ಜಟಕಾ ನಿಲ್ಲಿಸೀನಿ, ನಾನೂ ನಿನ್ನ ಕೂಡ ಬಂದು ಬೀಗರಿಗೆ ಹೇಳ್ತೀನಿ. ಬರಿಗೈಲೆ ಹೆಂಗ ಹೋಗ್ತಿ?"

ಲಿಂಗಕ್ಕ ಆ ಕಟ್ಟನ್ನು ಮುಟ್ಟಲಿಲ್ಲ. ಮಣ್ಣಿನ ಕೈ ಒರೆಸಿಕೊಳ್ಳಲೂ ಇಲ್ಲ.

"ಬ್ಯಾಡಪ್ಪ. ಅವನೂ ಹೊಸದು ಅಂತನ ಕೊಟ್ಟಿದ್ದ. ನಿನ್ನ ಸೀರಿನೂ ಬ್ಯಾಡ, ನಿನ್ನ ಜಟಕಾನೂ ಬ್ಯಾಡ, ನಿನ್ನ ಸಾಕ್ಷಿನೂ ಬ್ಯಾಡ. ನನ್ನ ಮಗಳು ಕುಂತಾಳಲ್ಲ, ಆ ಕಂಬಳೀನ ಆಕಿಗೆ ಹೊದಿಸಿ ಉಡಿ ತುಂಬತೀನಿ. ಅದು ಯಾರ ಯಾರ ಮೈ ಮ್ಯಾಲಿತ್ತು ಅಂತ ನನಗ ಒಂದೊಂದು ಹೆಸರೂ ಗೊತ್ತೈತಿ. ನೀ ಹೋಗು, ಆ ಕೂಸಿಗೆ ಒಂದೀಟು ಹಾಲು ಹಾಕು."