ನೀರು ಬೇಡದ ಹುಲ್ಲು

ನೀರಿನ ಮೇಲೆ ಆಲೂರಿನ ಉರುಕುಂದಪ್ಪನಷ್ಟು ಹಗೆ ಸಾಧಿಸಿದ ವೀರ ಆದೋನಿ ಸೀಮೆಯಲ್ಲಿ ಹುಟ್ಟಿಲ್ಲ. ಗಿರಾಕಿಯ ಕೈಯಲ್ಲಿ ಚೊಂಬು ಕಂಡರೆ ಸಾಕು, ಪಂಚೆ ಮೇಲಕ್ಕೆ ಕಟ್ಟಿ ನುಗ್ಗುತ್ತಿದ್ದ. ಒಮ್ಮೆ ಅವನ ಕೂಗಿಗೆ ಹೆದರಿ ಚಿಪ್ಪಗಿರಿಗೆ ಹೊರಟಿದ್ದ ಮೋಡಗಳು ದಾರಿ ಬದಲಿಸಿದವಂತೆ. ಹಾಗೆಂದು ಎದುರಿನ ಚಹಾದಂಗಡಿಯ ಜಂಬುನಾಥ ಇಂದಿಗೂ ಆಣೆ ಮಾಡಿ ಹೇಳುತ್ತಾನೆ.

ಉರುಕುಂದಪ್ಪ ಆದೋನಿ ರಸ್ತೆಯ ಪಕ್ಕ ಚಂದಕ್ಕೆಂದೇ ನೆಡುವ ಹುಲ್ಲು ಬೆಳೆಸಿ ಮಾರುವವನು. ನರಿಬಾಲದಂಥ ತೆನೆ ಬಿಡುವ ಕೆಂಪು ಹುಲ್ಲು ಪೆಟ್ರೋಲ್ ಬಂಕಿನ ಮುಂದೆಯೂ ಹೊಸ ಮನೆಗಳ ಕಾಂಪೌಂಡಿನಲ್ಲೂ ನಿಲ್ಲುತ್ತದೆ. ಕುರಿಗೆ ಹಾಕದ ಹುಲ್ಲನ್ನು ದುಡ್ಡು ಕೊಟ್ಟು ಕೊಳ್ಳುವ ಪುಣ್ಯಾತ್ಮರು ಯಾರು ಎಂದು ಊರು ಮೊದಲು ನಕ್ಕಿತು. ಆಮೇಲೆ ನಕ್ಕವರೇ ಸಾಲಾಗಿ ಬಂದರು.

"ವಾರಕ್ಕೊಂದು ಸಲ ನೀರು ಹಾಕ್ರಿ, ಅದೂ ಬೈಕೊಂತ ಹಾಕ್ರಿ," ಎಂದು ಅವನ ಉಪದೇಶ. "ಬೇರು ಕೆಳಗ ಹೋಗಿ ತನ್ನ ನೀರು ತಾನ ಹುಡಿಕ್ಕೊಂತೈತಿ. ಮುದ್ದು ಮಾಡಿದ್ರ ಬುಡ ಕೊಳಿತೈತಿ." ತೆಲುಗಿನವರು ಬಂದರೆ ಇದನ್ನೇ ತೆಲುಗಿನಲ್ಲಿ, ಇನ್ನಷ್ಟು ಜೋರಾಗಿ.

ಈ ಸಾಮ್ರಾಜ್ಯದ ಮೂಲ ಒಂದು ಕಳವು. ಹೆಂಡತಿ ಬಸಲಿಂಗಮ್ಮ ಆದೋನಿಯ ಹತ್ತಿ ವ್ಯಾಪಾರಿಯೊಬ್ಬರ ಮದುವೆಗೆ ರೊಟ್ಟಿ ಬಡಿಯಲು ಹೋದವಳು, ಅವರ ತೋಟದಿಂದ ಬೇರುಸಮೇತ ಒಂದು ಹಿಡಿ ಹುಲ್ಲು ಕಿತ್ತು ಸೆರಗಿನಲ್ಲಿ ಕಟ್ಟಿಕೊಂಡು ಬಂದಳು. ಬೇಲಿ ಬಾಗಿಲ ಹತ್ತಿರ ತಾನೇ ನೆಟ್ಟಳು. ನರ್ಸರಿಯ ಅಷ್ಟೂ ಕೆಂಪು ಪೊದೆಗಳು ಅದರ ಬುಡ ಸೀಳಿ ನೆಟ್ಟು ಬೆಳೆಸಿದಂಥವು. ಮುಂಗಾರಿಗೆ ಮುಂಚೆ ಉರುಕುಂದಪ್ಪ ಕುಡುಗೋಲು ಹಿಡಿದು ಅದರ ಒಣಗರಿಗಳನ್ನು ಗೇಣುದ್ದಕ್ಕೆ ಕೊಯ್ಯುವಾಗ ಅವಳು ಪಕ್ಕದಲ್ಲೇ ನಿಲ್ಲುತ್ತಿದ್ದಳು.

"ಹಜಾಮತಿ ಸಾಕ್ರೀ, ತೆಲಿನಾದ್ರೂ ಉಳಸ್ರಿ!"

ಆಮೇಲೆ ಅವಳ ಕಿಡ್ನಿಗಳು ಕೈಕೊಟ್ಟವು. ದಿನಕ್ಕೆ ಇಷ್ಟೇ ನೀರು ಎಂದು ಡಾಕ್ಟರು ಗೆರೆ ಎಳೆದರು. ನೀರು ಕಾಯುವುದರಲ್ಲಿ ಇಷ್ಟು ಅನುಭವವಿದ್ದ ದಂಡನಾಯಕ ಮನೆಯಲ್ಲೇ ಇದ್ದನಲ್ಲ! ಕೊಡ ಅಟ್ಟ ಹತ್ತಿತು. ಚಹಾ ಲೋಟದಲ್ಲಿ ಅಳೆದು ಕೊಡುವುದು ಶುರುವಾಯಿತು. ಏಪ್ರಿಲ್ ಬಿಸಿಲಲ್ಲಿ ಒಂದು ದಿನ ಅವಳು ಒಣ ತುಟಿಯಲ್ಲೇ ನಕ್ಕು ಕೇಳಿದಳು:

"ಒಂದ ಗುಟುಕು ಕೊಡ್ರಿ. ಡಾಕ್ಟರಿಗೆ ಹೇಳಂಗಿಲ್ಲ."

"ನಾಳೆ ಕೊಡ್ತೀನಿ, ಸುಮ್ನಿರು."

ಮರುದಿನ ಚಹಾದ ಹೊತ್ತಿಗೆ ಅವಳಿರಲಿಲ್ಲ.

ಮಣ್ಣು ಮಾಡಿ ಬಂದ ಮೇಲೆ ಬೇಲಿ ಬಾಗಿಲ ಪೊದೆಗೆ ರಾಜಯೋಗ ಬಂತು. ಬೆಳಗ್ಗೆ ಒಂದು ಕೊಡ, ಸಂಜೆ ಒಂದು ಕೊಡ. ಉಳಿದ ಹುಲ್ಲಿಗೆಲ್ಲ ಹಳೆಯ ಕಾನೂನೇ. ಗಿರಾಕಿಗಳಿಗೆ ಹಳೆಯ ಬೈಗುಳವೇ. ಹದಿನೈದು ದಿನಕ್ಕೆ ಪೊದೆಯ ಗರಿ ಹಳದಿಯಾಯಿತು. ತಿಂಗಳಿಗೆ ಬುಡ ಮೆತ್ತಗಾಗಿ ನಾರತೊಡಗಿತು.

"ಮಾಮ, ನಿಲ್ಸು," ಎಂದ ಜಂಬುನಾಥ, ರಸ್ತೆ ದಾಟಿ ಬಂದು. "ಅತ್ತಿ ಕೈಲೆ ನೆಟ್ಟಿದ್ದು ಇದೊಂದ ಐತಿ. ಹೋದ್ರ ಹೋತು."

ಉರುಕುಂದಪ್ಪ ಕೊಡ ಎತ್ತಿಕೊಂಡು ಬೋರಿನ ಕಡೆ ನಡೆದ. ಜಂಬುನಾಥ ಒಮ್ಮೆ ಕೊಡವನ್ನೇ ಬಚ್ಚಿಟ್ಟ. ನಮ್ಮ ವೀರ ಬೊಗಸೆಯಲ್ಲಿ ತಂದು ಹಾಕಿದ, ಬೋರಿನಿಂದ ಬೇಲಿಯವರೆಗೆ ಇಪ್ಪತ್ತು ಸಲ ಓಡಾಡಿ. ಅದನ್ನು ನೋಡಲಾಗದೆ ಜಂಬುನಾಥನೇ ಕೊಡ ತಂದಿಟ್ಟ.

ಒಂದು ಬೆಳಗ್ಗೆ ಒಣಗರಿ ತೆಗೆಯಲು ಕೈ ಹಾಕಿದಾಗ ಇಡೀ ಪೊದೆ ಕಳಚಿ ಬಂತು. ಕೆಳಗೆ ಬೇರೆಂಬುದೇ ಇರಲಿಲ್ಲ, ಕಪ್ಪು ರಾಡಿ. ಉರುಕುಂದಪ್ಪ ಅದನ್ನು ತೊಡೆಯ ಮೇಲಿಟ್ಟುಕೊಂಡು ಅಲ್ಲೇ ಕೂತ. ಜಂಬುನಾಥ ಚಹಾ ತಂದ. ಅದು ಆರಿ ಕೆನೆಗಟ್ಟಿದರೂ ಅವನು ಮುಟ್ಟಲಿಲ್ಲ. ಕೊನೆಗೆ ಜಂಬುನಾಥನಿಗೆ ತಡೆಯಲಾಗಲಿಲ್ಲ.

"ಇಡೀ ಮಂಡಲಕ್ಕ ಪಾಠ ಹೇಳಾವ ನೀನು! ನೀರು ಹೆಚ್ಚಾದ್ರ ಸಾಯ್ತೈತಿ ಅಂತ ನಿನಗ ಗೊತ್ತಿರಲಿಲ್ಲೇನು, ಮಾಮ?"

"ಗೊತ್ತಿತ್ತು," ಎಂದ ಉರುಕುಂದಪ್ಪ. "ಇನ್ನೊಂದ್ಸಲ ಇಲ್ಲ ಅನ್ನಾಕ ಆಗಲಿಲ್ಲ."