ನಮ್ಮ ಸಾಲಿನ ಯಜಮಾನಿ

ಫ್ರೀಮಾಂಟಿನ ನಮ್ಮ ಅಪಾರ್ಟ್‌ಮೆಂಟಿನ ಕೆಳಗಿನ ಮನೆಗೆ ಇಂಡೋನೇಷ್ಯಾದ ತಾಯಿ ಮಗಳು ಬಂದರು. ಮಗಳಿಗೆ ಹೇವರ್ಡಿನಲ್ಲಿ ಕೆಲಸ. ತಾಯಿ ಜಾವಾದ ಹಳ್ಳಿಗಾಡಿನಿಂದ ಆಗಷ್ಟೇ ಬಂದಿಳಿದವರು. ಒಂದು ಸಂಜೆ ಇಬ್ಬರೂ ಬಾಳೆಹಣ್ಣಿನ ಬೋಂಡದ ತಟ್ಟೆ ಹಿಡಿದು ನಮ್ಮ ಬಾಗಿಲು ತಟ್ಟಿದರು.

“ಈ ಮನೆಗಳ ಸಾಲಿನ ಯಜಮಾನರು ಯಾರು ಅಂತ ಅಮ್ಮ ಕೇಳ್ತಿದಾರೆ,” ಎಂದು ಮಗಳು ನಾಚುತ್ತ ಇಂಗ್ಲಿಷಿನಲ್ಲಿ ಹೇಳಿದಳು. ಅವರ ಕಡೆ ಹೊಸಬರು ಯಾರೇ ಬರಲಿ, ಮೊದಲು ತಮ್ಮ ಸಾಲಿನ ಯಜಮಾನನಿಗೆ ‘ಬಂದಿದ್ದೇನೆ’ ಎಂದು ತಿಳಿಸಬೇಕಂತೆ. “ನಾನಿರೋದೇ ಯಾರಿಗೂ ಗೊತ್ತಿಲ್ಲದ ಊರಲ್ಲಿ ಹೇಗಿರಲಿ, ವಾಪಸ್ ಟಿಕೆಟ್ ತೆಗೆಸು ಅಂತ ಒಂದೇ ಹಟ.”

ನಾನು ಪೆದ್ದಿ, “ಇಲ್ಲಿ ಅಂಥವರು ಯಾರೂ ಇಲ್ಲ” ಎಂದುಬಿಟ್ಟೆ. ತಾಯಿಯ ಮುಖ ಬಾಡಿತು.

ಮಂಡ್ಯದಿಂದ ಬಂದಿದ್ದ ನಮ್ಮತ್ತೆ ಒಳಗೆ ಅಕ್ಕಿ ಆರಿಸುತ್ತಿದ್ದರು. ಸಂಗತಿ ಕೇಳಿ ಮೊರದ ಸಮೇತ ಎದ್ದು ಬಂದರು.

“ಇಲ್ಲ ಅನ್ಬ್ಯಾಡ ಕಣವ್ವ. ನಾನಿಲ್ವಾ? ನಾನೇ ಯಜಮಾನಿ ಅಂತೇಳು.”

“ಅತ್ತೆ, ನೀವೇ ಇಲ್ಲಿ ನೆಂಟರು!”

“ಅದು ಆವಮ್ಮಂಗೆ ಗೊತ್ತಾ? ಸುಮ್ನೆ ಹೇಳವ್ವ.”

ಹೇಳಿದೆ. ಕೂಡಲೇ ಅತ್ತೆಯ ವಿಚಾರಣೆ ಶುರುವಾಯಿತು: ಯಾವ ಊರು, ಎಂಥ ಸೀಮೆ? ಆ ತಾಯಿ ನೆಲದ ಮೇಲೆ ಕೂತು ಮೊರದ ಅಕ್ಕಿಯಲ್ಲೇ ತಮ್ಮ ಸೀಮೆಯನ್ನು ಬಿಡಿಸಿದರು. ಒತ್ತಿ ಗುಡ್ಡೆ ಮಾಡಿದ್ದು ಬೆಟ್ಟ, ಬೆರಳಲ್ಲಿ ಗೀರಿದ್ದು ಹೊಳೆ, ಎರಡೂ ದಂಡೆಗೆ ಗದ್ದೆ. ನಮ್ಮ ತಾಲ್ಲೂಕಿನಂಥ ಇಡೀ ಸೀಮೆಗೆ ಒಬ್ಬ ಅಧಿಕಾರಿ. ಅವನ ಕೆಳಗೆ ಹಳ್ಳಿಗೊಬ್ಬ ಮುಖಂಡ, ಅವನನ್ನು ಜನವೇ ಓಟು ಹಾಕಿ ಆರಿಸುತ್ತಾರೆ. ಹಳ್ಳಿಯೊಳಗೆ ಕೇರಿಗಳು. ಕಟ್ಟಕಡೆಗೆ ಮನೆಗಳ ಒಂದೊಂದು ಸಾಲಿಗೂ ಒಬ್ಬ ಯಜಮಾನ.

“ಸಾಹೇಬ್ರ ಕಚೇರಿ ಎಲ್ಲೈತೆ?”

ಆಕೆ ಹೊಳೆಯಾಚೆ ಒಂದು ಬೋಂಡದ ಚೂರಿಟ್ಟರು. ಮನೆ ಈಚೆ, ಬೆಟ್ಟದ ಬುಡದಲ್ಲಿ.

“ಕಚೇರಿ ಯಾವತ್ತೂ ಹೊಳೆ ಆಚೆಗೇ ಕಣವ್ವ ಇರೋದು! ದಾಟ್ಕಂಡು ಹೋದ್ರೆ ಸಾಹೇಬ್ರು ಊಟಕ್ಕೆ ಹೋಗಿರ್ತರೆ.”

ಮಾತು ನನ್ನ ಇಂಗ್ಲಿಷನ್ನೂ ಮಗಳ ಅನುವಾದವನ್ನೂ ದಾಟಿ ಆಕೆಯನ್ನು ಮುಟ್ಟಿತು. ಆಕೆ ನಕ್ಕ ರಭಸಕ್ಕೆ ಮೊರ ಅಲುಗಿ ಬೆಟ್ಟ ಕುಸಿಯಿತು. “ಅದಕ್ಕೇ ಸಾಲಿಗೊಬ್ಬ ಯಜಮಾನ ಬೇಕು. ಹೊಳೆ ತುಂಬಿದರೂ ಅವನು ಈಚೆಗೇ ಇರ್ತಾನೆ,” ಎಂದರಂತೆ.

“ಸರಿ, ನೀನು ಬಂದಿದ್ದು ನಂಗೆ ಗೊತ್ತಾಯ್ತು. ಇನ್ ಧೈರ್ಯವಾಗಿರು,” ಎಂದು ಅತ್ತೆ ಖಾಲಿಯಾದ ತಟ್ಟೆಗೆ ಕೋಡುಬಳೆ ತುಂಬಿ ಕಳಿಸಿದರು. ಟಿಕೆಟ್ಟಿನ ಮಾತು ಮತ್ತೆ ಬರಲಿಲ್ಲ.

ಅತ್ತೆ ಊರಿಗೆ ಹೊರಟ ದಿನ ಮೊರ ಹಿಡಿದು ಕೆಳಗಿಳಿದರು. “ಇನ್ಮುಂದೆ ನೀನೇ ಯಜಮಾನಿ. ನಮ್ಮುಡ್ಗೀನೂ ಒಸಿ ನೋಡ್ಕೊ,” ಎಂದು ಅದನ್ನು ಆಕೆಯ ಕೈಗಿತ್ತರು.

ಮೊನ್ನೆ ಸ್ಯಾನ್ ಮಟಿಯೋದಿಂದ ನಾದಿನಿ ನಮ್ಮಲ್ಲಿ ಉಳಿಯಲು ಬಂದಳು. ಅವಳು ಶೂ ಬಿಚ್ಚುವಷ್ಟರಲ್ಲಿ ನಾನು ಚಕ್ಕುಲಿ ತಟ್ಟೆ ಹಿಡಿದು, ‘ನಾದಿನಿ ಬಂದಿದ್ದಾಳೆ’ ಎಂದು ತಿಳಿಸಲು ಕೆಳಗಿನ ಬಾಗಿಲಲ್ಲಿದ್ದೆ.

“ಎಷ್ಟು ದಿನ ಇರ್ತಾಳೆ?” ಎಂದು ಯಜಮಾನಿ ತಮಗೆ ಬಂದಷ್ಟು ಇಂಗ್ಲಿಷಿನಲ್ಲಿ ಗಂಭೀರವಾಗಿ ಕೇಳಿದರು.

“ಭಾನುವಾರದವರೆಗೆ.”

ಕ್ಷಣ ಯೋಚಿಸಿ, ತಟ್ಟೆ ಇಸಿದುಕೊಂಡು ತಲೆಯಾಡಿಸಿದರು. “ಓಕೆ. ಇರಬಹುದು.”